ಸಾಂತಾ ಫೇ: ಕಲಾನಗರವೊಂದರ ದರ್ಶನಕ್ರಮ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಸುತ್ತುವುದೂ ಓದುವುದೂ ಒಂದೇ ಆಗಿಬಿಡುವ ಊರುಗಳು ಲೋಕದಲ್ಲಿ ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿರುವ ನ್ಯೂ ಮೆಕ್ಸಿಕೋ ರಾಜ್ಯದ ರಾಜಧಾನಿ ಸಾಂತಾ ಫೇ ಅಂತಹ ಊರುಗಳಲ್ಲೊಂದು. ಈಗ ಕನ್ನಡ ನಾಡಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿರುವುದರಿಂದ, ಅವರನ್ನು ಕಾಣಲು ಸಾಗರ ದಾಟುವ ತಾಯಿತಂದೆಗಳ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಅನೇಕರು ನಯಾಗರದ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ನೋಡಿ ಹಿಂದಿರುಗುತ್ತಾರೆ. ಮಣ್ಣಿನ ಗೋಡೆ, ಮಡಕೆ, ಮಗ್ಗ, ಮರದ ಕೆತ್ತನೆಗಳಿಂದ ಕೀರ್ತಿ ಪಡೆದ ಈ ಚಿಕ್ಕ ನಗರಕ್ಕೆ ನಾಲ್ಕು ದಿನ ಮೀಸಲಿಟ್ಟವರು ಬೇರೊಂದು ಅಮೆರಿಕವನ್ನೇ ಕಂಡು ಬರುತ್ತಾರೆ.

ಆದರೆ ನೋಡುವುದಕ್ಕೂ ಒಂದು ಕ್ರಮವುಂಟು. ಸಾಂತಾ ಫೇ ನಗರದಲ್ಲಿ ಕಲಾವಸ್ತುವನ್ನು ಮೆಚ್ಚುವ ಮೊದಲು ಅದನ್ನು ಮಾಡಿದ ಕೈ ಯಾರದೆಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ಕೈದೀವಿಗೆಯಂತೆ ಹಿಡಿದು ನಡೆದವನಿಗೆ ಆ ಊರು ತನ್ನ ಕಥೆಯನ್ನು ತಾನೇ ಹೇಳುತ್ತದೆ.

ಪೂರ್ವವೃತ್ತಾಂತ

ಸಾಂತಾ ಫೇ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಪವಿತ್ರ ಶ್ರದ್ಧೆ ಎಂದರ್ಥ. ಸ್ಪೇನಿನವರು ೧೬೧೦ರಲ್ಲಿ ಇದನ್ನು ತಮ್ಮ ಪ್ರಾಂತದ ರಾಜಧಾನಿಯಾಗಿ ಸ್ಥಾಪಿಸಿದರು. ಅದಕ್ಕೂ ಶತಮಾನಗಳ ಮೊದಲಿನಿಂದ ಆ ಪ್ರದೇಶದಲ್ಲಿ ಪ್ಯೂಬ್ಲೋ ಎಂದು ಕರೆಯಲ್ಪಡುವ ಮೂಲನಿವಾಸಿಗಳು ಮಣ್ಣಿನ ಮನೆ ಕಟ್ಟಿಕೊಂಡು, ಮೆಕ್ಕೆಜೋಳ ಬೆಳೆದುಕೊಂಡು ಬಾಳುತ್ತಿದ್ದರು. ಪರಕೀಯರ ಆಳ್ವಿಕೆಯಲ್ಲಿ ದುಡಿಮೆಯನ್ನೂ ಧರ್ಮಾಚರಣೆಯ ಸ್ವಾತಂತ್ರ್ಯವನ್ನೂ ಕಳೆದುಕೊಂಡ ಈ ಜನ ೧೬೮೦ರ ಆಗಸ್ಟಿನಲ್ಲಿ ಪೋಪೇ ಎಂಬ ನಾಯಕನ ಮಾರ್ಗದರ್ಶನದಲ್ಲಿ ದಂಗೆಯೆದ್ದರು. ಗಂಟು ಹಾಕಿದ ಹುರಿಗಳನ್ನು ಓಟಗಾರರು ಹಳ್ಳಿಯಿಂದ ಹಳ್ಳಿಗೆ ಒಯ್ದರು. ದಿನಕ್ಕೊಂದು ಗಂಟು ಬಿಚ್ಚುತ್ತ ಹೋದರೆ ಕೊನೆಯ ಗಂಟಿನ ದಿನವೇ ದಂಗೆಯ ದಿನ. ಬೇರೆ ಬೇರೆ ಭಾಷೆಯಾಡುವ ಹಳ್ಳಿಗಳು ಹೀಗೆ ಒಂದಾಗಿ ಆಳುವವರನ್ನು ಊರಿನಿಂದ ಹೊರಗಟ್ಟಿದವು. ಹನ್ನೆರಡು ವರ್ಷಗಳ ತರುವಾಯ, ೧೬೯೨ರಲ್ಲಿ, ಸ್ಪೇನಿನವರು ಮರಳಿ ಬಂದರಾದರೂ ಪ್ಯೂಬ್ಲೋ ಜನರ ಆಚಾರ, ಭಾಷೆ, ಕುಶಲಕಲೆಗಳು ಅಳಿಯದೆ ಉಳಿದವು.

ಬಳಿಕ ಈ ನಾಡು ೧೮೨೧ರಲ್ಲಿ ಮೆಕ್ಸಿಕೋ ದೇಶಕ್ಕೂ ೧೮೪೬ರಲ್ಲಿ ಅಮೆರಿಕದ ಸೈನ್ಯಕ್ಕೂ ಕೈ ಬದಲಾಯಿತು. ೧೮೮೦ರಲ್ಲಿ ರೈಲು ಬಂದಾಗ ಅದರ ಮುಖ್ಯಮಾರ್ಗ ಊರನ್ನು ದೂರವಿಟ್ಟು ಹೋಯಿತು. ಒಂದು ಕವಲುದಾರಿಯಷ್ಟೇ ಸಾಂತಾ ಫೇ ನಗರದ ಪಾಲಿಗೆ ಬಂದಿತು. ವ್ಯಾಪಾರ ಕುಗ್ಗಿತು. ಆದರೆ ಆ ಹಿನ್ನಡೆಯೇ ವರವಾಯಿತೆನ್ನಬೇಕು. ೧೯೧೨ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯವಾದಾಗ ಊರಿನ ಪ್ರಮುಖರು, ಅಳಿದುಳಿದ ಹಳೆಯ ಕಟ್ಟಡಶೈಲಿಯನ್ನು ಕಾಪಾಡುವುದೇ ನಗರದ ಏಳಿಗೆಯ ದಾರಿಯೆಂದು ನಿಶ್ಚಯಿಸಿದರು. ೧೯೫೭ರಲ್ಲಿ ಅದಕ್ಕೆ ಕಟ್ಟಳೆಯ ಬಲವೂ ದೊರೆಯಿತು. ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯು ಕರಕುಶಲ ಮತ್ತು ಜಾನಪದ ಕಲೆಗಳಿಗಾಗಿ ಸಾಂತಾ ಫೇಯನ್ನು ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು.

ಚೌಕ, ಮೊಗಸಾಲೆ ಮತ್ತು ಮಣ್ಣಿನ ಗೋಡೆ

ಪ್ರವಾಸಿಯು ಮೊದಲ ದಿನ ಊರ ನಡುವಣ ಚೌಕಕ್ಕೆ ಹೋಗಬೇಕು. ಅದರ ಉತ್ತರಕ್ಕೆ ೧೬೧೦ರ ಕಾಲದಿಂದ ನಿಂತಿರುವ ಮಣ್ಣಿನ ಗವರ್ನರ್ ಅರಮನೆಯುಂಟು. ಅದರ ಉದ್ದನೆಯ ಮೊಗಸಾಲೆಯಲ್ಲಿ ಮೂಲನಿವಾಸಿ ಕಲಾವಿದರು ಗೋಡೆಗೆ ಬೆನ್ನು ಕೊಟ್ಟು, ಮುಂದೆ ಬಟ್ಟೆ ಹಾಸಿ, ಬೆಳ್ಳಿಯ ಒಡವೆ, ಹಸುರುನೀಲಿ ಕಲ್ಲಿನ ಸರ, ಮಡಕೆಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ಬಂದವರು ಹೆಚ್ಚಾದರೆ ಬೆಳಿಗ್ಗೆ ಚೀಟಿ ಎತ್ತಿ ಸ್ಥಳ ಹಂಚಿಕೊಳ್ಳುವುದು ಅಲ್ಲಿನ ಪದ್ಧತಿ. ಮಾರುವ ವಸ್ತುವನ್ನು ಮಾರುವವರೇ ಅಥವಾ ಅವರ ಮನೆಯವರೇ ಮಾಡಿರಬೇಕು, ಅದರ ಮೇಲೆ ಮಾಡಿದವರ ಗುರುತಿರಬೇಕು ಎಂಬುದು ಅಲ್ಲಿಯ ನಿಯಮ. ಇಂತಹ ನಿಯಮಕ್ಕೆ ಕಾರಣವುಂಟು. ಯಂತ್ರದಲ್ಲಿ ಎರಕ ಹೊಯ್ದ ಒಡವೆಗಳು ಮೂಲನಿವಾಸಿಗಳ ಹೆಸರಿನಲ್ಲಿ ಅಂಗಡಿಗಳಿಗೆ ನುಗ್ಗಿ, ತಿಂಗಳುಗಟ್ಟಲೆ ಕುಳಿತು ಕೆಲಸ ಮಾಡಿದವರ ಅನ್ನವನ್ನು ಕಸಿದವು. ಸುಳ್ಳು ಹೆಸರಿನ ಮಾರಾಟವನ್ನು ಅಪರಾಧವೆಂದು ಸಾರುವ ಕಾನೂನನ್ನು ಅಮೆರಿಕ ಸರ್ಕಾರ ೧೯೯೦ರಲ್ಲಿ ಬಲಪಡಿಸಿತು. ಆದರೂ ಕೊಳ್ಳುವವನ ಪ್ರಶ್ನೆಗಿಂತ ಗಟ್ಟಿಯಾದ ಕಾವಲು ಬೇರೊಂದಿಲ್ಲ. ಯಾರು ಮಾಡಿದರು, ಯಾವ ಊರು, ಯಾವ ಕಲ್ಲು ಎಂದು ವಿನಯದಿಂದ ಕೇಳಿದರೆ ಕಲಾವಿದರು ಸಂತೋಷದಿಂದ ಹೇಳುತ್ತಾರೆ.

ಅದೇ ಚೌಕದಲ್ಲಿ ಹಿಂದೆ ಸೈನಿಕರ ಸ್ಮಾರಕಸ್ತಂಭವೊಂದಿತ್ತು. ಅದರ ಶಾಸನದಲ್ಲಿ ಮೂಲನಿವಾಸಿಗಳನ್ನು ಅನಾಗರಿಕರೆಂದು ಕರೆದ ಶಬ್ದವನ್ನು ೧೯೭೪ರಲ್ಲಿ ಒಬ್ಬಾತ ಉಳಿಯಿಂದ ಕೆತ್ತಿ ತೆಗೆದನು. ೨೦೨೦ರ ಅಕ್ಟೋಬರಿನಲ್ಲಿ ಪ್ರತಿಭಟನಕಾರರು ಸ್ತಂಭವನ್ನೇ ಕೆಡವಿದರು. ಸುಂದರವಾದ ಆ ಚೌಕದಲ್ಲಿ ಹಳೆಯ ನೋವು ಇನ್ನೂ ಮಾಗಿಲ್ಲವೆಂಬುದನ್ನು ಪ್ರವಾಸಿಯು ಮರೆಯಬಾರದು.

ಬಯಲುಸೀಮೆಯ ಮಣ್ಣಿನ ಮಾಳಿಗೆಯಲ್ಲಿ ಬೆಳೆದವರಿಗೆ ಇಲ್ಲಿನ ಮನೆಗಳು ಅಪರಿಚಿತವೆನಿಸವು. ಹುಲ್ಲು ಬೆರೆಸಿ ತುಳಿದ ಮಣ್ಣನ್ನು ಅಚ್ಚಿನಲ್ಲಿ ಹಾಕಿ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ, ದಪ್ಪ ಗೋಡೆ, ಗೋಡೆಯಿಂದ ಹೊರಚಾಚಿದ ದುಂಡುತೊಲೆ, ತೊಲೆಯ ಮೇಲೆ ಒತ್ತಾಗಿ ಜೋಡಿಸಿದ ಸಣ್ಣ ಕೋಲುಗಳು, ಅವುಗಳ ಮೇಲೆ ಮಣ್ಣು, ನೀರು ಬೀಳಲು ಮರದ ದೋಣಿ. ಹಗಲಿನ ಬಿಸಿಲನ್ನು ಕುಡಿದ ಗೋಡೆ ಇರುಳಿನಲ್ಲಿ ಮೆಲ್ಲನೆ ಕಾವು ಬಿಡುತ್ತದೆ. ಗೋಡೆಗೆ ಮಣ್ಣು ಮೆತ್ತುವುದು ಹೆಂಗಸರ ವಿದ್ಯೆಯಾಗಿತ್ತು. ಇಂದು ಎಷ್ಟೋ ಕಟ್ಟಡಗಳು ಸಿಮೆಂಟಿನ ಮೇಲೆ ಮಣ್ಣಿನ ಬಣ್ಣವನ್ನಷ್ಟೇ ಹೊತ್ತಿವೆ. ನಿಜವಾದ ಮಣ್ಣಿನ ಗೋಡೆಗೆ ಮಾತ್ರ ಮಳೆಗಾಲದ ಬಳಿಕ ಮತ್ತೆ ಮತ್ತೆ ಮನುಷ್ಯರ ಕೈ ತಾಗಬೇಕು.

ಸಮೀಪದಲ್ಲಿಯೇ ೧೮೭೮ರಲ್ಲಿ ಪೂರ್ಣಗೊಂಡ ಲೊರೆಟ್ಟೊ ಪ್ರಾರ್ಥನಾಮಂದಿರವಿದೆ. ಅದರ ಮರದ ಸುರುಳಿಮೆಟ್ಟಿಲು ೩೩ ಪಾವಟಿಗೆಗಳಲ್ಲಿ ಎರಡು ಪೂರ್ಣ ಸುತ್ತು ಸುತ್ತಿ, ನಡುಗಂಬದ ಆಸರೆಯಿಲ್ಲದೆ ಮೇಲೇರುತ್ತದೆ. ಅಪರಿಚಿತ ಬಡಗಿಯೊಬ್ಬ ಬಂದು ಅದನ್ನು ಕಟ್ಟಿ ಕೂಲಿ ಕೇಳದೆ ಕಣ್ಮರೆಯಾದನೆಂದು ಐತಿಹ್ಯ. ಸಂಶೋಧಕರು ರೋಶಾ ಎಂಬ ಫ್ರೆಂಚ್ ಮೂಲದ ಬಡಗಿಯನ್ನು ಹೆಸರಿಸಿದ್ದಾರೆ. ಪವಾಡವೆಂದರೆ ಕೈಮುಗಿಯಬಹುದು, ಬಡಗಿಯ ಹೆಸರು ತಿಳಿದ ಮೇಲೆ ಆ ಕೈಗೂ ಮುಗಿಯಬಹುದು.

ಚಿತ್ರಕಾರರ ಬೀದಿ, ಸಂಗ್ರಹಗಳ ಗುಡ್ಡ

ಎರಡನೆಯ ದಿನ ಕ್ಯಾನ್ಯನ್ ರಸ್ತೆಯಲ್ಲಿ ಕಾಲ್ನಡಿಗೆಯಿಂದ ಸಾಗಬೇಕು. ಹಿಂದೆ ಕತ್ತೆಗಳ ಮೇಲೆ ಸೌದೆ ಹೇರಿ ತರುತ್ತಿದ್ದ ದಾರಿಯದು. ಇಂದು ಎರಡು ಪಕ್ಕದಲ್ಲಿಯೂ ಚಿತ್ರಶಾಲೆಗಳು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕ್ಷಯರೋಗಕ್ಕೆ ಒಣಹವೆಯ ಮದ್ದನ್ನು ಅರಸಿ ಬಂದವರಲ್ಲಿ ಚಿತ್ರಕಾರರೂ ಇದ್ದರು. ೧೯೨೧ರಲ್ಲಿ ಐವರು ತರುಣ ಚಿತ್ರಕಾರರು ಒಂದು ಬಳಗ ಕಟ್ಟಿ, ಅನುಭವವಿಲ್ಲದಿದ್ದರೂ ತಾವೇ ಮಣ್ಣಿನ ಮನೆಗಳನ್ನು ಕಟ್ಟಿಕೊಂಡು ಊರವರ ನಗೆಗೀಡಾದರು. ಅವರಲ್ಲೊಬ್ಬರಾದ ವಿಲ್ ಶುಸ್ಟರ್ ೧೯೨೪ರಲ್ಲಿ ಆರಂಭಿಸಿದ ಜೊಜೊಬ್ರ ದಹನ ಇಂದಿಗೂ ಬೇಸಗೆಯ ಕೊನೆಗೆ ನಡೆಯುತ್ತದೆ. ಜನರು ತಮ್ಮ ದುಃಖಗಳನ್ನು ಚೀಟಿಯಲ್ಲಿ ಬರೆದು ಆ ದೈತ್ಯ ಬೊಂಬೆಯೊಳಗೆ ತುಂಬಿ ಸುಡುತ್ತಾರೆ. ಮರುಭೂಮಿಯ ಎಲುಬು, ಬೆಟ್ಟ, ಹೂಗಳನ್ನು ಚಿತ್ರಿಸಿದ ಜಾರ್ಜಿಯಾ ಓಕೀಫ್ ೧೯೪೯ರಿಂದ ಈ ಸೀಮೆಯಲ್ಲಿಯೇ ನೆಲೆಸಿ ೧೯೮೬ರಲ್ಲಿ ಸಾಂತಾ ಫೇಯಲ್ಲಿ ನಿಧನರಾದರು. ೧೯೯೭ರಲ್ಲಿ ತೆರೆದ ಅವರ ಸಂಗ್ರಹಾಲಯಕ್ಕೆ ಅರ್ಧ ದಿನ ಬೇಕು.

ಚೌಕದಿಂದ ಸುಮಾರು ಎರಡು ಮೈಲಿ ದೂರದ ಗುಡ್ಡದ ಮೇಲೆ ವಸ್ತುಸಂಗ್ರಹಾಲಯಗಳ ಗುಂಪೊಂದಿದೆ. ೧೯೫೩ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಜಾನಪದ ಕಲಾ ಸಂಗ್ರಹಾಲಯಕ್ಕೆ ಅಲೆಕ್ಸಾಂಡರ್ ಜಿರಾರ್ಡ್ ದಂಪತಿಗಳು ೧೯೭೮ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಲಕ್ಷಕ್ಕೂ ಮಿಕ್ಕ ವಸ್ತುಗಳನ್ನು ದಾನವಾಗಿತ್ತರು. ೧೯೫೫ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಭಾರತದ ವಸ್ತ್ರ ಮತ್ತು ಅಲಂಕಾರಕಲೆಗಳ ಪ್ರದರ್ಶನವನ್ನು ಅಣಿಗೊಳಿಸಿದವರೂ ಜಿರಾರ್ಡ್ ಅವರೇ. ದಾನಿಯೊಬ್ಬನ ಜೀವಮಾನದ ಪ್ರೀತಿ ಊರಿನ ಆಸ್ತಿಯಾಗುವುದೆಂದರೇನೆಂದು ಇಲ್ಲಿ ಕಣ್ಣಾರೆ ಕಾಣಬಹುದು.

ಪಕ್ಕದ ವೀಲ್‌ರೈಟ್ ಸಂಗ್ರಹಾಲಯ ಬೇರೊಂದು ಬಗೆಯ ದಾನವನ್ನು ತೋರಿಸುತ್ತದೆ. ೧೯೩೭ರಲ್ಲಿ ನವಾಹೊ ಜನರ ಧಾರ್ಮಿಕ ವಸ್ತುಗಳ ರಕ್ಷಣೆಗಾಗಿ ಹುಟ್ಟಿದ ಈ ಸಂಸ್ಥೆಯು ೧೯೭೭ರಲ್ಲಿ ಅವರ ಪವಿತ್ರ ಗಂಟುಗಳನ್ನು ಆ ಜನರಿಗೇ ಹಿಂದಿರುಗಿಸಿತು. ಸಂಗ್ರಹಿಸುವುದು ಹೇಗೆ ಪುಣ್ಯವೋ, ಒಡೆಯನಿಗೆ ಮರಳಿಸುವುದೂ ಹಾಗೆಯೇ ಪುಣ್ಯವೆಂಬ ವಿವೇಕ ಅದರಲ್ಲಿದೆ.

ಶಾಲೆಯೊಂದು ಕಲಿತ ಪಾಠ

ಶಿಕ್ಷಕರಾದವರು ಮರೆಯದೆ ನೋಡಬೇಕಾದುದು ಮುಖ್ಯ ಚರ್ಚಿನೆದುರಿಗಿರುವ ಸಮಕಾಲೀನ ಮೂಲನಿವಾಸಿ ಕಲೆಗಳ ಸಂಗ್ರಹಾಲಯ. ಇದರ ಹಿಂದೆ ಶಾಲೆಯ ಕಥೆಯುಂಟು. ಸರ್ಕಾರವು ೧೮೯೦ರಲ್ಲಿ ಸಾಂತಾ ಫೇಯಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ವಸತಿಶಾಲೆಯೊಂದನ್ನು ತೆರೆಯಿತು. ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ತಾಯ್ನುಡಿಯನ್ನೂ ಉಡಿಗೆತೊಡಿಗೆಯನ್ನೂ ಮರೆಸುವುದು ಅಂದಿನ ಅಂತಹ ಶಾಲೆಗಳ ಉದ್ದೇಶವಾಗಿತ್ತು. ೧೯೩೨ರಲ್ಲಿ ಡೊರೊಥಿ ಡನ್ ಎಂಬ ಶಿಕ್ಷಕಿ ಅಲ್ಲಿಯೇ ಚಿತ್ರಕಲೆಯ ತರಗತಿ ಆರಂಭಿಸಿ, ಮಕ್ಕಳು ತಮ್ಮ ಊರಿನ ಕುಣಿತ, ಬೇಟೆ, ಮನೆಗೆಲಸಗಳನ್ನು ಬರೆಯುವಂತೆ ಪ್ರೋತ್ಸಾಹಿಸಿದರು. ಪಾಬ್ಲಿತಾ ವೆಲಾರ್ಡೆ, ಅಲನ್ ಹೌಸರ್ ಮೊದಲಾದ ದೊಡ್ಡ ಕಲಾವಿದರು ಆ ತರಗತಿಯಿಂದ ಹೊರಬಂದರು.

ಆದರೆ ಆ ಸದುದ್ದೇಶದಲ್ಲಿಯೂ ಒಂದು ಮಿತಿಯಿತ್ತು. ಮೂಲನಿವಾಸಿಯ ಚಿತ್ರ ಹೀಗೆಯೇ ಇರಬೇಕೆಂಬ ಒಂದೇ ಅಚ್ಚು ಅಲ್ಲಿ ಬೆಳೆಯಿತು. ಹೌಸರ್ ಅವರೇ ಮುಂದೆ ಅದರ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು. ೧೯೬೨ರಲ್ಲಿ ಅದೇ ಆವರಣದಲ್ಲಿ ಅಮೆರಿಕನ್ ಇಂಡಿಯನ್ ಕಲಾ ಸಂಸ್ಥೆ ಹುಟ್ಟಿದಾಗ ಹೌಸರ್ ಅಲ್ಲಿ ಗುರುಗಳಾದರು. ಪರಂಪರೆಯನ್ನು ತಿಳಿದು ತನ್ನ ದಾರಿಯನ್ನು ತಾನೇ ಹುಡುಕುವ ಸ್ವಾತಂತ್ರ್ಯ ವಿದ್ಯಾರ್ಥಿಗಳಿಗೆ ದೊರೆಯಿತು. ವಸತಿಶಾಲೆಯ ಆಡಳಿತವೂ ೧೯೮೦ರ ದಶಕದಲ್ಲಿ ಪ್ಯೂಬ್ಲೋ ಜನರ ಕೈಗೆ ಬಂದಿತು. ಮೊದಲು ಅಳಿಸಲು ಹೊರಟ ಶಾಲೆ, ಬಳಿಕ ತಿದ್ದಲು ಹೊರಟ ಶಾಲೆ, ಕೊನೆಗೆ ಮಕ್ಕಳ ಕೈಯನ್ನು ನಂಬಿದ ಶಾಲೆ: ಈ ಮೂರು ಮೆಟ್ಟಿಲುಗಳ ಚರಿತ್ರೆ ಯಾವ ನಾಡಿನ ಉಪಾಧ್ಯಾಯನಿಗಾದರೂ ಮನನೀಯ.

ಕಪ್ಪು ಮಡಕೆಯ ಹಳ್ಳಿ

ಮೂರನೆಯ ದಿನ ನಗರದ ವಾಯವ್ಯಕ್ಕಿರುವ ಸಾನ್ ಇಲ್ದೆಫೊನ್ಸೊ ಎಂಬ ಪ್ಯೂಬ್ಲೋ ಹಳ್ಳಿಗೆ ಹೋಗಬಹುದು. ಮರಿಯಾ ಮಾರ್ಟಿನೆಜ್ ಹಾಗೂ ಅವರ ಪತಿ ಜೂಲಿಯನ್ ಅವರ ಊರು ಅದು. ಪುರಾತತ್ತ್ವಜ್ಞರು ಉತ್ಖನನದಲ್ಲಿ ದೊರೆತ ಬೋಕಿಗಳನ್ನು ತೋರಿಸಿ, ಅಂತಹುದನ್ನು ಮತ್ತೆ ಮಾಡಬಲ್ಲಿರಾ ಎಂದು ಕೇಳಿದಾಗ ಆ ದಂಪತಿಗಳು ಪ್ರಯೋಗಕ್ಕೆ ತೊಡಗಿ, ೧೯೧೯ರ ಸುಮಾರಿಗೆ ಕಪ್ಪಿನ ಮೇಲೆ ಕಪ್ಪು ಚಿತ್ರದ ಮಡಕೆಯನ್ನು ಸಾಧಿಸಿದರು.

ಆ ಕೆಲಸದ ಬಗೆಯನ್ನು ತಿಳಿದವನಿಗೆ ಬೆಲೆ ಹೆಚ್ಚೆನಿಸದು. ಅಲ್ಲಿ ತಿಗರಿಯಿಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ ನಾದಿ, ಹಗ್ಗದಂತೆ ಹೊಸೆದು, ಸುರುಳಿಯ ಮೇಲೆ ಸುರುಳಿಯಿಟ್ಟು ಮಡಕೆಯನ್ನು ಎಬ್ಬಿಸುತ್ತಾರೆ. ಒಣಗಿದ ಮೇಲೆ ಕೆರೆದು, ತೆಳುವಾಗಿ ಮಣ್ಣಿನ ಲೇಪ ಕೊಟ್ಟು, ನುಣ್ಣನೆಯ ಕಲ್ಲಿನಿಂದ ಹೊಳಪೇರುವ ತನಕ ಉಜ್ಜುತ್ತಾರೆ. ಆ ಹೊಳಪಿನ ಮೇಲೆ ಯುಕ್ಕಾ ಗಿಡದ ನಾರಿನ ಕುಂಚದಿಂದ ಮಣ್ಣಿನ ತಿಳಿಯಲ್ಲಿ ಚಿತ್ರ ಬರೆಯುತ್ತಾರೆ. ಬಯಲಿನಲ್ಲಿ ಸುಡುವಾಗ ಉರಿ ಏರಿದ ಹೊತ್ತಿಗೆ ಒಣಸಗಣಿ, ಲದ್ದಿಗಳ ಪುಡಿಯನ್ನು ಸುರಿದು ಬೆಂಕಿಯನ್ನು ಮುಚ್ಚುತ್ತಾರೆ. ಗಾಳಿಯಾಡದ ಹೊಗೆಯಲ್ಲಿ ಕೆಂಪು ಮಡಕೆ ಕಪ್ಪಾಗುತ್ತದೆ. ಉಜ್ಜಿದ ಭಾಗ ಕನ್ನಡಿಯಂತೆ ಹೊಳೆದರೆ ಚಿತ್ರದ ಭಾಗ ಮಬ್ಬಾಗಿ ಉಳಿಯುತ್ತದೆ. ಮರಿಯಾ ಈ ವಿದ್ಯೆಯನ್ನು ಗುಟ್ಟಾಗಿಡದೆ ಮನೆಯವರಿಗೂ ಊರವರಿಗೂ ಕಲಿಸಿದರು. ೧೯೮೦ರಲ್ಲಿ ಅವರು ತೀರಿಕೊಂಡ ಬಳಿಕವೂ ಆ ಮನೆತನದಲ್ಲಿ ಮಡಕೆ ಸುಡುವ ಹೊಗೆ ಆರಲಿಲ್ಲ.

ಹಳ್ಳಿಗೆ ಹೋಗುವವರು ಅಲ್ಲಿನ ಮರ್ಯಾದೆಯನ್ನು ಅರಿತಿರಬೇಕು. ಅದು ಜನ ವಾಸಿಸುವ ಊರು. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬಾರದು; ಕಿವಾ ಎಂಬ ಪೂಜಾಗೃಹವನ್ನು ಪ್ರವೇಶಿಸಬಾರದು; ಹಬ್ಬದ ಕುಣಿತ ಮುಗಿದಾಗ ಚಪ್ಪಾಳೆ ತಟ್ಟಬಾರದು. ಆ ಕುಣಿತ ಅವರಿಗೆ ಪ್ರಾರ್ಥನೆ.

ಸಂತೆ, ಸಂಗೀತ, ಊಟ

ಜುಲೈ ಮತ್ತು ಆಗಸ್ಟ್ ತಿಂಗಳುಗಳು ಸಂತೆಗಳ ಕಾಲ. ೧೯೨೨ರಲ್ಲಿ ಆರಂಭವಾದ ಮೂಲನಿವಾಸಿ ಕಲೆಗಳ ಸಂತೆ, ೧೯೨೬ರಲ್ಲಿ ಮೊದಲಾದ ಸ್ಪ್ಯಾನಿಷ್ ಸಂಪ್ರದಾಯದ ಸಂತೆ, ೨೦೦೪ರಲ್ಲಿ ತೊಡಗಿದ ಅಂತರರಾಷ್ಟ್ರೀಯ ಜಾನಪದ ಕಲಾಸಂತೆ ಇವುಗಳಲ್ಲಿ ಮುಖ್ಯ. ಎರಡನೆಯದರಲ್ಲಿ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಸಂತರ ವಿಗ್ರಹಗಳೂ ತಗಡಿನ ಕುಸುರಿಯೂ ನೋಡತಕ್ಕವು. ಸಂಗೀತಪ್ರಿಯರು ೧೯೫೭ರಲ್ಲಿ ಜಾನ್ ಕ್ರಾಸ್ಬಿ ಸ್ಥಾಪಿಸಿದ ಸಾಂತಾ ಫೇ ಒಪೆರಾವನ್ನು ಬಿಡಬಾರದು. ಪಕ್ಕಗಳು ತೆರೆದಿರುವ ಆ ರಂಗಮಂದಿರದಲ್ಲಿ ಬೆಟ್ಟದ ಹಿಂದಿನ ಸೂರ್ಯಾಸ್ತವೇ ನಾಟಕದ ಮೊದಲ ಅಂಕ.

ಊಟಕ್ಕೆ ಕುಳಿತೊಡನೆ ಕೆಂಪೋ ಹಸುರೋ ಎಂದು ಕೇಳುತ್ತಾರೆ. ಒಂದೇ ಗಿಡದ ಮೆಣಸಿನಕಾಯಿ ಎಳೆಯದಾಗಿದ್ದರೆ ಹಸುರು ಗೊಜ್ಜು, ಹಣ್ಣಾಗಿ ಒಣಗಿದರೆ ಕೆಂಪು ಗೊಜ್ಜು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಆ ಕಾಯಿಯ ಸಂತತಿಯೇ ಬ್ಯಾಡಗಿಯ ಮೆಣಸಿನಕಾಯಿ. ಮನೆಮನೆಯ ಮುಂದೆ ತೂಗುವ ಕೆಂಪುಸರಗಳನ್ನು ಕಂಡ ಕನ್ನಡಿಗನಿಗೆ ನೆಂಟರ ಮನೆಗೆ ಬಂದಂತಾಗುವುದು ಸಹಜ. ಮಾಂಸಾಹಾರ ಒಲ್ಲದವರು ಗೊಜ್ಜಿನಲ್ಲಿ ಮಾಂಸವಿದೆಯೇ ಎಂದು ಮೊದಲೇ ವಿಚಾರಿಸಬೇಕು. ಊರು ಸುಮಾರು ೭,೦೦೦ ಅಡಿ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ಶಿಖರಕ್ಕಿಂತಲೂ ಮೇಲೆ. ವಯಸ್ಸಾದವರು ಮೊದಲ ದಿನ ಮೆಲ್ಲನೆ ನಡೆದು, ನೀರನ್ನು ಧಾರಾಳವಾಗಿ ಕುಡಿಯುವುದು ಲೇಸು.

ಇಷ್ಟೆಲ್ಲ ಕೀರ್ತಿಯ ನಡುವೆ ಒಂದು ಸಂಕಟವೂ ಉಂಟು. ಕಲೆಯ ಹೆಸರಿನಿಂದ ಸಿರಿವಂತರು ಬಂದು ನೆಲೆಸಿದಂತೆ ಮನೆಗಳ ಬೆಲೆ ಏರಿ, ಕಲೆಯನ್ನು ಮಾಡುವವರೇ ಊರ ನಡುವೆ ಬಾಳುವುದು ಕಷ್ಟವಾಗಿದೆ. ಕೈಗಳು ದೂರ ಸರಿದರೆ ನಗರಕ್ಕೆ ಉಳಿಯುವುದು ಮಣ್ಣಿನ ಬಣ್ಣ ಮಾತ್ರ. ಆದುದರಿಂದ ಪ್ರವಾಸಿಯು ಹತ್ತು ಅಗ್ಗದ ವಸ್ತುಗಳ ಬದಲು, ಮಾಡಿದವರಿಂದಲೇ ಒಂದು ಪುಟ್ಟ ಮಡಕೆಯನ್ನು ಕೊಂಡು, ಅದರ ಹಣವನ್ನು ಅವರ ಕೈಯಲ್ಲಿಯೇ ಇಟ್ಟು ಬರುವುದು ಉಚಿತ. ಮನೆಗೆ ಬಂದವರು ಇದೇನೆಂದು ಕೇಳಿದಾಗ, ಬೆಲೆಯ ಮಾತೆತ್ತದೆ, ಮಾಡಿದಾಕೆಯ ಹೆಸರನ್ನೂ ಊರನ್ನೂ ಹೇಳಬಲ್ಲವನ ಯಾತ್ರೆ ಸಫಲವಾಯಿತೆಂದು ತಿಳಿಯಬೇಕು.