ಸಸಿ ಮಾರುವವರೂ ಈಮೇಲ್ ಪತ್ರವ್ಯವಹಾರವೂ

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಹಳೆಯ ಮದರಾಸು ರಸ್ತೆಯ ಮೇಲಿರುವ ಕೃಷ್ಣರಾಜಪುರವು ಹಿಂದೆ ಸುತ್ತಣ ಹಳ್ಳಿಗಳ ರೈತರು ಕಾಯಿಪಲ್ಯವನ್ನು ತಂದು ಮಾರುತ್ತಿದ್ದ ಸಂತೆಯ ಊರು. ದಂಡಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ತೆರೆದ ರೈಲುದಾರಿಯು ಇದರ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ದೂರವಾಣಿನಗರವು ನೆರೆಯಲ್ಲಿಯೇ ಇದೆ. ೨೦೦೭ರಲ್ಲಿ ಈ ಊರು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ೨೦೨೩ರಲ್ಲಿ ಮೆಟ್ರೋ ರೈಲು ಬಂದಿತು. ಈ ನಡುವೆ ಹೊಲಗಳು ನಿವೇಶನಗಳಾದುವು. ಎಕರೆಗಳ ಲೆಕ್ಕದಲ್ಲಿ ಬೇಸಾಯ ಮಾಡುತ್ತಿದ್ದ ಮನೆತನಗಳಲ್ಲಿ ಕೆಲವಕ್ಕೆ ಈಗ ಉಳಿದಿರುವುದು ಗುಂಟೆಗಳ ಲೆಕ್ಕದ ಭೂಮಿ. ಅಷ್ಟರಲ್ಲಿ ರಾಗಿಯನ್ನೋ ಅವರೆಯನ್ನೋ ಬೆಳೆದು ಸಂಸಾರ ಸಾಗಿಸುವಂತಿಲ್ಲ. ಆದರೆ ನೆರಳಿನ ಚಪ್ಪರವನ್ನು ಹಾಕಿ, ಹಣ್ಣಿನ ಮತ್ತು ಹೂವಿನ ಸಸಿಗಳನ್ನು ಬೆಳೆಸಿ, ಅಂತರಜಾಲದ ಮೂಲಕ ದೂರದ ಊರುಗಳಿಗೆ ಮಾರಿ ಬದುಕಲು ಅವಕಾಶವುಂಟು.

ಇಂತಹ ವ್ಯಾಪಾರದಲ್ಲಿ ಸಸಿಯನ್ನು ಬೆಳೆಸುವ ಕೈಚಳಕವು ಎಷ್ಟು ಮುಖ್ಯವೋ ಕಾಗದವನ್ನು ಬರೆಯುವ ಕ್ರಮವೂ ಅಷ್ಟೇ ಮುಖ್ಯ. ಸಂತೆಯಲ್ಲಿ ಕೊಳ್ಳುವವನು ಮಾಲನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಮಾರುವವನ ಮುಖವನ್ನೂ ನೋಡುತ್ತಾನೆ. ಅಂತರಜಾಲದಲ್ಲಿ ಕೊಳ್ಳುವವನಿಗೆ ಇವೆರಡೂ ಇಲ್ಲ. ಅವನಿಗೆ ಕಾಣುವುದು ಒಂದು ಚಿತ್ರ ಮತ್ತು ಒಂದು ಪತ್ರ. ಆದಕಾರಣ ಆ ಪತ್ರವೇ ಅಂಗಡಿಯೆಂದು ತಿಳಿಯತಕ್ಕದ್ದು.

ಹಿಂದಿನ ಪದ್ಧತಿ

ದೂರದಿಂದ ಸಸ್ಯಗಳನ್ನು ತರಿಸುವುದು ಬೆಂಗಳೂರಿಗೆ ಹೊಸತಲ್ಲ. ಲಾಲ್‌ಬಾಗಿನ ಸೂಪರಿಂಟೆಂಡೆಂಟರಾಗಿದ್ದ ಜಾನ್ ಕ್ಯಾಮರನ್ ಮತ್ತು ಅವರ ತರುವಾಯ ಬಂದ ಕ್ರುಂಬಿಗಲ್ ಇವರುಗಳು ಪರದೇಶಗಳ ಸಸ್ಯೋದ್ಯಾನಗಳೊಡನೆ ಬೀಜಗಳನ್ನೂ ಸಸಿಗಳನ್ನೂ ವಿನಿಮಯ ಮಾಡಿಕೊಳ್ಳುತ್ತಿದ್ದರು. ಇಂದು ಮನೆಮನೆಯಲ್ಲಿ ಬಳಸುವ ಸೀಮೆಬದನೆಯನ್ನು ಇಲ್ಲಿಗೆ ತಂದ ಕೀರ್ತಿಯು ಕ್ಯಾಮರನ್ನರಿಗೆ ಸಲ್ಲುತ್ತದೆ. ಇಂತಹ ವಿನಿಮಯವೆಲ್ಲ ಕಾಗದದ ಮೇಲೆಯೇ ನಡೆಯಬೇಕಾಗಿತ್ತು. ಸಸ್ಯದ ಸರಿಯಾದ ಹೆಸರು, ಎಣಿಕೆ, ಕಳುಹಿಸಿದ ದಿನ, ಇವನ್ನು ಬರೆದಿಡದಿದ್ದರೆ ಬಂದ ಗಿಡವು ಯಾವುದೆಂಬುದೇ ತಿಳಿಯುತ್ತಿರಲಿಲ್ಲ. ಸಾಮಾನ್ಯ ಜನರ ವ್ಯಾಪಾರಕ್ಕೆ ೧೮೭೭ರಲ್ಲಿ ಅಂಚೆ ಇಲಾಖೆಯವರು ವಿ.ಪಿ. ಪದ್ಧತಿಯನ್ನು ಆರಂಭಿಸಿದರು. ಹಣವನ್ನು ಪೋಸ್ಟ್‌ಮ್ಯಾನನಿಗೆ ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳುವ ಈ ಏರ್ಪಾಡಿನಿಂದ ಒಬ್ಬರನ್ನೊಬ್ಬರು ಕಾಣದವರ ನಡುವೆಯೂ ನಂಬಿಕೆಯು ಬೆಳೆಯಿತು.

೧೯೭೧ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬವರು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಮೊದಲ ಈಮೇಲನ್ನು ಕಳುಹಿಸಿದರು. ಈಗ ಅದು ಅಂಗೈಯಲ್ಲಿನ ಮೊಬೈಲಿನಲ್ಲಿಯೇ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಮ್ಮ ತರಕಾರಿ ಬೀಜಗಳನ್ನು ಅಂತರಜಾಲದ ಮೂಲಕವೂ ಮಾರುತ್ತಾರೆ. ಸಾಧನವು ಬದಲಾಗಿದ್ದರೂ ಪತ್ರದಲ್ಲಿ ಇರಬೇಕಾದ ಸಂಗತಿಗಳು ಬದಲಾಗಿಲ್ಲ.

ಫೋನು ಸಾಲದೆ?

ಫೋನು ಮತ್ತು ವಾಟ್ಸ್‌ಆಪ್ ಇರುವಾಗ ಈಮೇಲ್ ಏತಕ್ಕೆಂದು ಕೇಳುವವರುಂಟು. ಹತ್ತಿರದ ಗಿರಾಕಿಗಳಿಗೆ ಅವು ಸಾಕು. ಆದರೆ ಶಾಲೆಗಳು, ಕಚೇರಿಗಳು, ವಸತಿ ಸಂಘಗಳು, ರೈತರ ಕಂಪನಿಗಳು, ಕೊಡಗು ಚಿಕ್ಕಮಗಳೂರುಗಳ ತೋಟಗಳವರು, ಇಂಥವರು ಬೆಲೆಯನ್ನು ಬರವಣಿಗೆಯಲ್ಲಿ ಕೇಳುತ್ತಾರೆ. ಅದನ್ನು ಮುದ್ರಿಸಿ ಕಡತದಲ್ಲಿ ಇಡುತ್ತಾರೆ. ದೊಡ್ಡ ಬೇಡಿಕೆಗಳು ಬರುವುದು ಬಹುಮಟ್ಟಿಗೆ ಇವರಿಂದಲೇ.

ಇದಕ್ಕಿಂತಲೂ ಮುಖ್ಯವಾದ ಮತ್ತೊಂದು ಕಾರಣವಿದೆ. ಬಟ್ಟೆಯನ್ನೋ ಪಾತ್ರೆಯನ್ನೋ ಕೊಂಡವನಿಗೆ ಕಟ್ಟನ್ನು ಬಿಚ್ಚಿದೊಡನೆ ಮಾಲಿನ ಗುಣವು ತಿಳಿಯುತ್ತದೆ. ಹಣ್ಣಿನ ಸಸಿಯಲ್ಲಿ ಹಾಗಲ್ಲ. ಸೀಬೆಯ ಗೂಟಿ ಗಿಡವು ಫಲಕ್ಕೆ ಬರಲು ಎರಡು ಮೂರು ವರ್ಷಗಳು ಬೇಕು. ಮಾವಿನ ಕಸಿಗೆ ಇನ್ನೂ ಹೆಚ್ಚು. ಅಲಹಾಬಾದ್ ಸಫೇದವೆಂದು ಕೊಂಡದ್ದು ಬೇರೆ ಜಾತಿಯಾಗಿದ್ದರೆ ಅದು ಗೊತ್ತಾಗುವ ಹೊತ್ತಿಗೆ ಕೊಂಡವನ ಭೂಮಿ, ನೀರು, ಗೊಬ್ಬರ, ಕೂಲಿ ಎಲ್ಲವೂ ವ್ಯಯವಾಗಿ, ಆ ವರ್ಷಗಳೂ ಕಳೆದುಹೋಗಿರುತ್ತವೆ. ಅಷ್ಟು ಕಾಲದ ಮೇಲೆ ಫೋನಿನ ಮಾತು ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಯಾವ ಜಾತಿಯನ್ನು ಕೇಳಿದರು, ಯಾವುದನ್ನು ಕೊಟ್ಟರು ಎಂಬುದಕ್ಕೆ ಪತ್ರವೊಂದೇ ಸಾಕ್ಷಿ. ಅದು ಕೊಂಡವನನ್ನು ಮೋಸದಿಂದಲೂ ಪ್ರಾಮಾಣಿಕನಾದ ಮಾರಾಟಗಾರನನ್ನು ಸುಳ್ಳು ದೂರಿನಿಂದಲೂ ಕಾಪಾಡುತ್ತದೆ.

ಉತ್ತರ ಕೊಡುವ ಕಾಲ

ಸಸಿಯ ವ್ಯಾಪಾರವು ಮಳೆಯನ್ನು ಅನುಸರಿಸುತ್ತದೆ. ಮುಂಗಾರಿನ ಮೊದಲಲ್ಲಿ ಬೆಲೆ ಕೇಳಿದವನಿಗೆ ಐದಾರು ದಿನಗಳ ಮೇಲೆ ಉತ್ತರ ಹೋದರೆ, ಅವನು ತೆಗೆಸಿಟ್ಟ ಗುಂಡಿಗಳು ಕಾದಿರುವುದಿಲ್ಲ. ಅಷ್ಟರಲ್ಲಿ ಬೇರೆಡೆಯಿಂದ ಸಸಿಗಳು ಬಂದಿರುತ್ತವೆ. ಇತ್ತ ಚೀಲದಲ್ಲಿಯೇ ಉಳಿದ ಸಸಿಗಳ ಬೇರು ಸುತ್ತಿಕೊಂಡು ಅವುಗಳ ಬೆಲೆಯು ಇಳಿಯುತ್ತದೆ. ಆದುದರಿಂದ ದಿನಕ್ಕೆ ಎರಡು ಸಲ, ಬೆಳಿಗ್ಗೆ ನೀರು ಹಾಕಿದ ಮೇಲೆ ಒಮ್ಮೆ, ಸಂಜೆ ಒಮ್ಮೆ, ಈಮೇಲ್ ಪೆಟ್ಟಿಗೆಯನ್ನು ತೆರೆದು ನೋಡುವ ಅಭ್ಯಾಸವನ್ನು ಇಟ್ಟುಕೊಳ್ಳತಕ್ಕದ್ದು. ಬಂದ ಪತ್ರಕ್ಕೆ ಒಂದು ದಿನದೊಳಗೆ ಉತ್ತರವು ಹೋಗಬೇಕು. ಪೂರ್ತಿ ವಿವರ ಸಿದ್ಧವಿಲ್ಲದಿದ್ದರೆ, ಪತ್ರ ತಲುಪಿತೆಂದೂ ಇಂಥ ದಿನ ಬೆಲೆಯನ್ನು ತಿಳಿಸುವೆವೆಂದೂ ಎರಡು ಸಾಲು ಬರೆದರೂ ಸಾಕು. ಆದರೆ ಹೇಳಿದ ದಿನವನ್ನು ತಪ್ಪಬಾರದು.

ಸ್ಪ್ಯಾಮ್ ಎಂಬ ಅರೆಯನ್ನೂ ದಿನಕ್ಕೊಮ್ಮೆ ನೋಡಬೇಕು. ಹೊಸ ಗಿರಾಕಿಯ ಪತ್ರವು ಕೆಲವು ವೇಳೆ ಅಲ್ಲಿ ಬಿದ್ದಿರುತ್ತದೆ. ಜಿಮೇಲಿನಲ್ಲಿ ಆ ಅರೆಯ ಪತ್ರಗಳು ೩೦ ದಿನಗಳ ಮೇಲೆ ತಾವಾಗಿಯೇ ಅಳಿದುಹೋಗುತ್ತವೆ.

ಬೆಲೆಯ ಪತ್ರದಲ್ಲಿ ಇರಬೇಕಾದುವು

೧. ‘ವಿಷಯ’ ಎಂಬ ಸಾಲಿನಲ್ಲಿ ಮಾಲು ಮತ್ತು ಎಣಿಕೆ. ‘ನಮಸ್ಕಾರ’ ಎಂದಷ್ಟೇ ಬರೆದರೆ ಪತ್ರವು ಮುಂದೆ ಹುಡುಕಿದರೂ ಸಿಕ್ಕುವುದಿಲ್ಲ.

೨. ಸಸ್ಯದ ಹೆಸರು, ಜಾತಿ, ಬೀಜದಿಂದ ಬೆಳೆದುದೋ ಗೂಟಿಯೋ ಕಸಿಯೋ ಎಂಬುದು, ವಯಸ್ಸು, ಎತ್ತರ, ಚೀಲದ ಅಳತೆ.

೩. ಒಂದರ ಬೆಲೆ, ಒಟ್ಟು ಬೆಲೆ, ಕಟ್ಟುವ ಮತ್ತು ಸಾಗಿಸುವ ವೆಚ್ಚ, ಬೆಲೆಯು ಯಾವ ದಿನದವರೆಗೆ ನಿಲ್ಲುವುದೆಂಬುದು.

೪. ಹಣವನ್ನು ಕಳುಹಿಸುವ ಬಗೆ.

೫. ಸಸಿ ಹೊರಡುವ ದಿನ. ಭಾನುವಾರ ಗೋದಾಮಿನಲ್ಲಿ ಬಿದ್ದು ಬಾಡದಂತೆ ಸೋಮವಾರ ಅಥವಾ ಮಂಗಳವಾರ ಕಳುಹಿಸುವುದು ಮೇಲು.

೬. ದಾರಿಯಲ್ಲಿ ಒಣಗಿದ ಅಥವಾ ಮುರಿದ ಸಸಿಗಳ ಬಗ್ಗೆ ಏನು ಮಾಡಲಾಗುವುದೆಂಬ ಕರಾರು.

ಕೆಳಗೆ ಒಂದು ಮಾದರಿಯನ್ನು ಕೊಟ್ಟಿದೆ. ಬೆಲೆಗಳು ಮಾದರಿಗೆ ಮಾತ್ರ.

ವಿಷಯ: ಸೀಬೆ, ಅಲಹಾಬಾದ್ ಸಫೇದ, ೪೦ ಗೂಟಿ ಸಸಿಗಳು: ಬೆಲೆ

ಮಾನ್ಯರೇ,

ತಮ್ಮ ಪತ್ರವು ತಲುಪಿತು. ತಾವು ಕೇಳಿರುವ ಜಾತಿಯ ೪೦ ಗೂಟಿ ಸಸಿಗಳು ಸಿದ್ಧವಾಗಿವೆ. ವಯಸ್ಸು ಸುಮಾರು ೮ ತಿಂಗಳು, ಎತ್ತರ ಒಂದೂವರೆ ಅಡಿಯಿಂದ ಎರಡು ಅಡಿ. ಒಂದಕ್ಕೆ ರೂ. ೮೦ರಂತೆ ರೂ. ೩,೨೦೦, ಕಟ್ಟಿ ಸಾಗಿಸುವ ವೆಚ್ಚ ರೂ. ೬೫೦, ಒಟ್ಟು ರೂ. ೩,೮೫೦. ಈ ಬೆಲೆಯು ಇಂದಿನಿಂದ ೭ ದಿನಗಳವರೆಗೆ ನಿಲ್ಲುತ್ತದೆ. ಹಣ ಬಂದ ಮೇಲಿನ ಮೊದಲ ಸೋಮವಾರ ಸಸಿಗಳನ್ನು ಕಳುಹಿಸುತ್ತೇವೆ. ಕಟ್ಟು ತಲುಪಿದ ದಿನವೇ ಬಿಚ್ಚಿ, ನೀರು ಹಾಕಿ, ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ನೆಡಬೇಕೆಂದು ಕೋರುತ್ತೇವೆ. ದಾರಿಯಲ್ಲಿ ಹಾಳಾದ ಸಸಿಗಳಿದ್ದರೆ ೨ ದಿನಗಳೊಳಗೆ ಚಿತ್ರಸಹಿತ ತಿಳಿಸಿದಲ್ಲಿ ಅಷ್ಟನ್ನು ಬೇರೆ ಕಳುಹಿಸುತ್ತೇವೆ.

ಇಂತು ತಮ್ಮ ವಿಶ್ವಾಸಿ,
(ಹೆಸರು, ತೋಟದ ಹೆಸರು, ಪೂರ್ಣ ವಿಳಾಸ, ಫೋನ್ ಸಂಖ್ಯೆ)

ಇದರಲ್ಲಿ ಅಲಂಕಾರವೇನೂ ಇಲ್ಲ. ಕೊಳ್ಳುವವನು ಮರುಪ್ರಶ್ನೆ ಕೇಳಬೇಕಾದ ಸಂದರ್ಭವೂ ಇಲ್ಲ. ಭಾಷೆಯು ಕನ್ನಡವಾಗಿರಲಿ ಇಂಗ್ಲಿಷಾಗಿರಲಿ, ಗಿರಾಕಿಯು ಯಾವುದರಲ್ಲಿ ಬರೆದನೋ ಅದರಲ್ಲಿಯೇ ಉತ್ತರ ಕೊಡುವುದು ಮರ್ಯಾದೆ. ಚಿತ್ರಗಳನ್ನು ಸೇರಿಸುವಾಗ ಎರಡು ಮೂರು ಸಾಕು. ಜಿಮೇಲಿನಲ್ಲಿ ಒಂದು ಪತ್ರಕ್ಕೆ ೨೫ ಎಂಬಿಗಿಂತ ಹೆಚ್ಚಿನದನ್ನು ಲಗತ್ತಿಸಲಾಗದು. ಚಿತ್ರವು ಕಳುಹಿಸಲಿರುವ ಸಸಿಯದೇ ಆಗಿರಬೇಕು. ತಾಯಿಗಿಡದ ಹಣ್ಣಿನ ಚಿತ್ರವನ್ನು ಹಾಕಿದರೆ ಹಾಗೆಂದು ಬರೆಯಬೇಕು.

ಇಲ್ಲವೆನ್ನುವ ರೀತಿ

ಕೇಳಿದ ಜಾತಿಯು ಇಲ್ಲದಿದ್ದಾಗ ಬೇರೊಂದನ್ನು ಸೇರಿಸಿ ಎಣಿಕೆಯನ್ನು ತುಂಬಿಸುವುದು ಈ ಕಸುಬಿನ ಕೆಟ್ಟ ಚಾಳಿ. ಒಂದು ಬೇಡಿಕೆಯ ಆಸೆಗೆ ಹೀಗೆ ಮಾಡಿದವನು ಮೂರು ವರ್ಷಗಳ ಮೇಲೆ ಒಂದು ಊರಿನ ವ್ಯಾಪಾರವನ್ನೇ ಕಳೆದುಕೊಳ್ಳುತ್ತಾನೆ. ‘೪೦ರಲ್ಲಿ ೨೫ ಮಾತ್ರ ಇವೆ, ಉಳಿದ ೧೫ ಸಸಿಗಳು ಒಂದು ತಿಂಗಳ ಮೇಲೆ ಸಿದ್ಧವಾಗುತ್ತವೆ, ಬೇರೆ ಜಾತಿಯಾಗಬಹುದಾದರೆ ತಿಳಿಸಿರಿ’ ಎಂದು ಬರೆದು, ಒಪ್ಪಿಗೆ ಬಂದ ಮೇಲೆಯೇ ಕಳುಹಿಸತಕ್ಕದ್ದು. ಇಲ್ಲವೆಂದು ಆ ದಿನವೇ ಹೇಳಿದವನ ಮೇಲೆ ಗಿರಾಕಿಗೆ ಸಿಟ್ಟು ಬರುವುದಿಲ್ಲ. ಮತ್ತೊಮ್ಮೆ ಕೇಳಬೇಕೆಂಬ ವಿಶ್ವಾಸವೇ ಉಂಟಾಗುತ್ತದೆ.

ದೂರು ಬಂದಾಗ

ಸಸಿಗಳು ಒಣಗಿ ತಲುಪಿದುವೆಂದು ಬರೆದವನಿಗೆ ಅವಸರದ ಉತ್ತರವನ್ನು ಕೊಡಬಾರದು, ಸುಮ್ಮನಿರಲೂ ಬಾರದು. ಮೊದಲು ದೂರು ತಲುಪಿತೆಂದು ತಿಳಿಸಿ, ಚಿತ್ರವನ್ನೂ ಕಟ್ಟು ತಲುಪಿದ ದಿನವನ್ನೂ ಕೇಳಿ, ಕಳುಹಿಸಿದ ದಿನದ ರಸೀದಿಯೊಡನೆ ಹೋಲಿಸಿ ನೋಡಬೇಕು. ತಪ್ಪು ಕಟ್ಟಿದುದರಲ್ಲಿಯೋ, ಸಾಗಾಣಿಕೆಯಲ್ಲಿಯೋ, ಬಿಸಿಲಿನಲ್ಲಿಟ್ಟ ಕೊಂಡವನಲ್ಲಿಯೋ ಎಂಬುದು ಇದರಿಂದ ಬಹುಮಟ್ಟಿಗೆ ತಿಳಿಯುತ್ತದೆ. ಗ್ರಾಹಕರ ರಕ್ಷಣೆಗಾಗಿ ೨೦೨೦ರಲ್ಲಿ ಆದ ಈ-ಕಾಮರ್ಸ್ ನಿಯಮಗಳು, ಅಂತರಜಾಲದಲ್ಲಿ ಮಾರಾಟದ ತಾಣವನ್ನು ನಡೆಸುವ ಸಂಸ್ಥೆಗಳು ದೂರು ಬಂದುದನ್ನು ೪೮ ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ವಿಧಿಸಿವೆ. ಸಣ್ಣ ವ್ಯಾಪಾರಿಯೂ ಇದನ್ನೇ ತನ್ನ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಮೇಲಿನ ಮಾತು ಕಾನೂನಿನ ಮುಂದೆ ನಿಲ್ಲದೆಂದು ಹಲವರು ಎಣಿಸಿದ್ದಾರೆ. ಅದು ಸರಿಯಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ೨೦೦೮ರ ತಿದ್ದುಪಡಿಯಿಂದ ಸೇರಿದ ೧೦ಎ ಪ್ರಕರಣವು, ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣದಿಂದ ಕರಾರು ಅಸಿಂಧುವಾಗುವುದಿಲ್ಲವೆಂದು ಹೇಳುತ್ತದೆ. ಹೀಗಾಗಿ ‘ಒಪ್ಪಿದೆ’ ಎಂದು ಬರೆಯುವ ಮುನ್ನ ತೋಟಕ್ಕೆ ಹೋಗಿ ಸಸಿಗಳನ್ನು ಎಣಿಸಿಕೊಂಡು ಬರುವುದು ಕ್ಷೇಮಕರ.

ಸಸಿಗಳ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಾಂಬಾರಪುಡಿ ಮೊದಲಾದುವನ್ನು ಮಾಡಿ ಮಾರುವ ಮನೆಗಳವರು ಇನ್ನೊಂದನ್ನು ನೆನಪಿಡತಕ್ಕದ್ದು. ಆಹಾರ ಸುರಕ್ಷತಾ ಪ್ರಾಧಿಕಾರದವರು ಕೊಡುವ ೧೪ ಅಂಕಿಗಳ ಸಂಖ್ಯೆಯನ್ನು ೨೦೨೨ರ ಜನವರಿ ೧ರಿಂದ ಬಿಲ್ಲಿನ ಮೇಲೂ ಬರೆಯಬೇಕಾಗಿದೆ.

ವಿಳಾಸ ಮತ್ತು ಗುಟ್ಟುಪದ

ವ್ಯಾಪಾರಕ್ಕೆಂದು ಪ್ರತ್ಯೇಕವಾದ ಈಮೇಲ್ ವಿಳಾಸವಿರಬೇಕು. ಅದು ತೋಟದ ಹೆಸರಿನಲ್ಲಿದ್ದರೆ ಗಿರಾಕಿಗಳ ನೆನಪಿನಲ್ಲಿ ಉಳಿಯುತ್ತದೆ. ಮನೆಯ ಮಕ್ಕಳು ತೆರೆದುಕೊಟ್ಟ ವಿಳಾಸವಾದರೆ ಅದರ ಗುಟ್ಟುಪದವು ತೋಟದ ಯಜಮಾನನಿಗೂ ತಿಳಿದಿರತಕ್ಕದ್ದು. ಮಗನು ಬೇರೆ ಊರಿನ ಕೆಲಸಕ್ಕೆ ಹೋದನೆಂದು ವ್ಯಾಪಾರದ ಬಾಗಿಲು ಮುಚ್ಚಬಾರದು. ಎರಡು ಹಂತದ ದೃಢೀಕರಣವನ್ನು ತಪ್ಪದೆ ಏರ್ಪಡಿಸಬೇಕು. ಹಲವು ಗಿರಾಕಿಗಳಿಗೆ ಒಂದೇ ಬೆಲೆಪಟ್ಟಿಯನ್ನು ಕಳುಹಿಸುವಾಗ ಅವರ ವಿಳಾಸಗಳನ್ನು ‘ಬಿಸಿಸಿ’ ಎಂಬ ಸಾಲಿನಲ್ಲಿ ಹಾಕಿದರೆ ಒಬ್ಬರ ವಿಳಾಸವು ಮತ್ತೊಬ್ಬರಿಗೆ ಕಾಣುವುದಿಲ್ಲ. ಪಟ್ಟಿ ಬೇಡವೆಂದವರ ಹೆಸರನ್ನು ಕೂಡಲೇ ತೆಗೆದುಹಾಕಬೇಕು.

ಮೋಸದ ಪತ್ರಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ದೊಡ್ಡ ಬೇಡಿಕೆಯನ್ನು ಕೊಟ್ಟು, ಹಣ ಕಳುಹಿಸುವೆವೆಂದು ಯುಪಿಐ ಪಿನ್ ಒತ್ತಲು ಹೇಳುವವರುಂಟು. ಹಣವನ್ನು ಪಡೆಯಲು ಪಿನ್ ಬೇಕಾಗುವುದೇ ಇಲ್ಲ; ಒತ್ತಿದರೆ ಹಣವು ಹೊರಟುಹೋಗುತ್ತದೆ. ಗೊಬ್ಬರ, ಚೀಲ ಮೊದಲಾದುವನ್ನು ಒದಗಿಸುವವರ ಹೆಸರಿನಲ್ಲಿ ‘ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ’ ಎಂಬ ಪತ್ರ ಬಂದರೆ, ಆ ಪತ್ರದಲ್ಲಿರುವ ಸಂಖ್ಯೆಗಲ್ಲದೆ ಮೊದಲಿನಿಂದ ತಿಳಿದಿರುವ ಸಂಖ್ಯೆಗೆ ಫೋನು ಮಾಡಿ ಕೇಳಿಕೊಳ್ಳಬೇಕು. ಹಣ ಹೋದುದು ತಿಳಿದೊಡನೆ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಕಡತ

ಗಿರಾಕಿಗೆ ಒಂದರಂತೆ ಅಥವಾ ವರ್ಷಕ್ಕೆ ಒಂದರಂತೆ ಪತ್ರಗಳನ್ನು ಬೇರೆ ಬೇರೆ ಅರೆಗಳಲ್ಲಿ ವಿಂಗಡಿಸಿಡುವುದು ಸುಲಭ. ಇದರ ಜೊತೆಗೆ ಒಂದು ನೋಟುಬುಕ್ಕಿನಲ್ಲಿ ಬೇಡಿಕೆಯ ದಿನ, ಜಾತಿ, ಎಣಿಕೆ, ಸಸಿಯನ್ನು ಯಾವ ತಾಯಿಗಿಡದಿಂದ ತೆಗೆದುದು, ಕಳುಹಿಸಿದ ದಿನ, ಇಷ್ಟನ್ನು ಬರೆದಿಟ್ಟರೆ ಎರಡು ಲಾಭಗಳುಂಟು. ಮುಂದಿನ ಮಳೆಗಾಲಕ್ಕೆ ಯಾವ ಸಸಿಯನ್ನು ಎಷ್ಟು ಬೆಳೆಸಬೇಕೆಂಬ ಅಂದಾಜು ಸಿಕ್ಕುತ್ತದೆ. ಮೂರು ವರ್ಷಗಳ ಮೇಲೆ ಗಿರಾಕಿಯು ಹಣ್ಣಿನ ಗುಣವನ್ನು ಹೊಗಳಿ ಬರೆದಾಗ, ಅದೇ ತಾಯಿಗಿಡದಿಂದ ಮತ್ತಷ್ಟು ಗೂಟಿಗಳನ್ನು ಕಟ್ಟಲು ಸಾಧ್ಯವಾಗುತ್ತದೆ.

ಈ ಕ್ರಮಕ್ಕೆ ತಗಲುವ ವೆಚ್ಚವು ದಿನಕ್ಕೆ ಅರ್ಧ ಗಂಟೆಯ ಕಾಲ ಮಾತ್ರ. ಗುಂಟೆಗಳ ಲೆಕ್ಕದ ಭೂಮಿಯಲ್ಲಿ ಬಾಳುವೆ ಮಾಡಬೇಕಾದವರಿಗೆ ಭೂಮಿಯನ್ನು ಹಿಗ್ಗಿಸಲು ಸಾಧ್ಯವಿಲ್ಲ. ಆದರೆ ತಮ್ಮ ಮಾತಿಗೆ ಬೆಲೆಯುಂಟೆಂದು ನೂರು ಊರುಗಳಿಗೆ ತೋರಿಸಿಕೊಡಲು ಸಾಧ್ಯವಿದೆ. ಸಸಿ ಮಾರುವವರು ಬರುವ ಮುಂಗಾರಿಗೆ ಮೊದಲೇ ತಮ್ಮ ತೋಟದ ಹೆಸರಿನಲ್ಲಿ ಒಂದು ವಿಳಾಸವನ್ನು ತೆರೆದು, ಮೇಲಣ ಮಾದರಿಯಂತೆ ಒಂದು ಬೆಲೆಯ ಪತ್ರವನ್ನು ಸಿದ್ಧಮಾಡಿ ಇಟ್ಟುಕೊಳ್ಳುವುದು ಉತ್ತಮ.