ನಿಷ್ಕಾಸ ಮ್ಯಾನಿಫೋಲ್ಡಿನ ಸೋರಿಕೆ: ಅದರ ಕಾರಣವೂ ಪರಿಹಾರವೂ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮೂಲಕ ದಕ್ಷಿಣಕ್ಕೆ ಬರುವ ಹೆದ್ದಾರಿಯು ಕಾವೇರಿಯನ್ನು ದಾಟಿ ಕೊಳ್ಳೇಗಾಲ ತಾಲ್ಲೂಕನ್ನು ಪ್ರವೇಶಿಸುವುದು ಸತ್ತೇಗಾಲದ ಬಳಿಯಲ್ಲಿ. ಶಿವನಸಮುದ್ರದ ಜಲಪಾತಗಳನ್ನು ನೋಡಹೋಗುವವರು ಇಲ್ಲಿಂದಲೇ ಕವಲುದಾರಿಯನ್ನು ಹಿಡಿಯುತ್ತಾರೆ. ಮುಂದೆ ಕೊಳ್ಳೇಗಾಲದಿಂದ ಒಂದು ದಾರಿ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುತ್ತದೆ. ಇನ್ನೊಂದು ಚಾಮರಾಜನಗರವನ್ನು ಹಾದು, 27 ಹಿಮ್ಮುರಿ ತಿರುವುಗಳುಳ್ಳ ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲವನ್ನು ಸೇರುತ್ತದೆ. ಸತ್ತೇಗಾಲದ ಕೂಡುರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟರೆ, ಘಟ್ಟ ಹತ್ತಿ ಇಳಿದು ಬಂದ ಲಾರಿ, ವ್ಯಾನುಗಳ ಪೈಕಿ ಕೆಲವು ಒಂದು ಬಗೆಯ ಟಕಟಕ ಸದ್ದನ್ನು ಮಾಡುತ್ತ ಸಾಗುವುದು ಕೇಳಿಬರುತ್ತದೆ. ಈ ಸದ್ದಿನ ಒಂದು ಮುಖ್ಯ ಕಾರಣವನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡೋಣ.

ವಿಷಯವು ಕೇವಲ ಸದ್ದಿಗೆ ಸಂಬಂಧಪಟ್ಟದ್ದಲ್ಲ. ಬೆಟ್ಟದ ಜಾತ್ರೆಗೆ ಹೋಗುವ ಕುಟುಂಬಗಳು ಪಾತ್ರೆ ಪಡಗ, ಒಲೆ, ಹಾಸಿಗೆಗಳೊಡನೆ ವ್ಯಾನಿನಲ್ಲಿ ಹೊರಟು, ದಾರಿಯಲ್ಲಿ ಅಡಿಗೆ ಮಾಡಿಕೊಂಡು, ರಾತ್ರಿ ಗಾಡಿಯೊಳಗೇ ಮಲಗುವುದುಂಟು. ಈಚೆಗೆ ಮೋಟಾರ್‌ಹೋಮ್ ಎಂದು ಕರೆಯುವ ವಾಸದ ಗಾಡಿಗಳೂ ರಸ್ತೆಗೆ ಬಂದಿವೆ. ಇಂಥ ಅನೇಕ ವಾಹನಗಳಲ್ಲಿ ಎಂಜಿನ್ನು ಚಾಲಕನ ಪಕ್ಕದಲ್ಲಿ, ಒಂದು ಮುಚ್ಚಳದ ಕೆಳಗೆ ಇರುತ್ತದೆ. ಅಲ್ಲಿ ಸೋರಿದ ಹೊಗೆ ಮುಚ್ಚಳದ ಸಂದಿನಿಂದ ಜನರಿರುವ ಕಡೆಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಆಸಕ್ತಿಯಿಂದ ಈ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಚ್ಚರವಾಗಿದ್ದವನಿಗೆ ತಲೆನೋವು, ತಲೆಸುತ್ತು, ಓಕರಿಕೆಗಳು ಮುನ್ಸೂಚನೆಯನ್ನು ಕೊಟ್ಟಾವು. ಮಲಗಿದವನಿಗೆ ಅದೂ ಇಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಈ ವಿಷಾನಿಲ ಹೆಚ್ಚು, ಡೀಸಲ್ ಎಂಜಿನ್ನಿನದರಲ್ಲಿ ಕಡಿಮೆ. ಆದರೆ ಇಲ್ಲವೇ ಇಲ್ಲವೆಂದು ನಂಬುವಂತಿಲ್ಲ.

ಸಿಲಿಂಡರುಗಳಿಂದ ಹೊರಬೀಳುವ ಅನಿಲಗಳನ್ನು ಒಂದುಗೂಡಿಸಿ ಸೈಲೆನ್ಸರಿನ ಕಡೆಗೆ ಒಯ್ಯುವ ಕವಲುಗೊಳವೆಗೆ ನಿಷ್ಕಾಸ ಮ್ಯಾನಿಫೋಲ್ಡು ಎಂದು ಹೆಸರು. ನಮ್ಮ ಲಾರಿ, ವ್ಯಾನುಗಳಲ್ಲಿ ಇದು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ದುರಸ್ತಿಗಾರರು ಇದನ್ನೇ ಬೀಡು ಎನ್ನುತ್ತಾರೆ. ಕೆಲವು ಎಂಜಿನ್ನುಗಳಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಹೆಡರು ಎಂಬ ರೂಪವೂ ಉಂಟು. ಎರಡನ್ನೂ ಗ್ಯಾಸ್ಕೆಟ್ಟಿನ ಮೇಲೆ ಕೂರಿಸಿ, ಸ್ಟಡ್ಡು ನಟ್ಟುಗಳಿಂದ ಸಿಲಿಂಡರ್ ಹೆಡ್ಡಿಗೆ ಬಿಗಿದಿರುತ್ತಾರೆ. ಸೋರಿಕೆಯು ಹೆಚ್ಚಾಗಿ ಈ ಕೂಡಿಕೆಯಲ್ಲಿಯೇ ಹುಟ್ಟುತ್ತದೆ.

ಸೋರಿಕೆ ಕಂಡೊಡನೆ ನಟ್ಟನ್ನು ಇನ್ನಷ್ಟು ಬಿಗಿಯುವುದು ಲೋಕರೂಢಿ. ಅದು ಏಕೆ ಸರಿಯಲ್ಲವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಎರಕದ ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಸುಮಾರು 0.000011 ಭಾಗದಷ್ಟು ಹಿಗ್ಗುತ್ತದೆ. 600 ಮಿಲಿಮೀಟರ್ ಉದ್ದದ ಮ್ಯಾನಿಫೋಲ್ಡು 30 ಡಿಗ್ರಿಯಿಂದ 430 ಡಿಗ್ರಿಗೆ ಕಾಯಿತೆಂದು ಇಟ್ಟುಕೊಳ್ಳೋಣ. ಅದರ ಹಿಗ್ಗುವಿಕೆ 2.64 ಮಿಲಿಮೀಟರ್. ಅದು ಅಂಟಿಕೊಂಡಿರುವ ಹೆಡ್ಡಾದರೋ ನೀರಿನಿಂದ ತಂಪಾಗಿರುವುದರಿಂದ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅದೂ ಎರಕದ ಕಬ್ಬಿಣದ್ದೇ ಆಗಿದ್ದರೆ ಅಷ್ಟೇ ಉದ್ದದಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಹಿಗ್ಗುತ್ತದೆ. ಹೀಗೆ ಎರಡರ ನಡುವೆ 2 ಮಿಲಿಮೀಟರಿಗೂ ಮಿಗಿಲಾದ ಅಂತರ ಬೀಳುತ್ತದೆ. ನಡುಭಾಗ ಸ್ಥಿರವಾಗಿದ್ದರೆ ಪ್ರತಿ ತುದಿಯೂ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿಯಲೇಬೇಕು.

ಆದ್ದರಿಂದಲೇ ತಯಾರಕರು ತುದಿಯ ರಂಧ್ರಗಳನ್ನು ಸ್ಟಡ್ಡಿಗಿಂತ ದೊಡ್ಡದಾಗಿ ಕೊರೆದಿರುತ್ತಾರೆ. ಉದ್ದನೆಯ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡನ್ನು ಎರಡು ಮೂರು ತುಂಡುಗಳಾಗಿ ಮಾಡಿ, ಒಂದರೊಳಗೊಂದು ಜಾರುವಂತೆ ಜೋಡಿಸಿರುತ್ತಾರೆ. ಕೂಡಿಕೆಯು ಅನಿಲವನ್ನು ತಡೆಯಬೇಕು, ಲೋಹವನ್ನು ಸರಿಯಗೊಡಬೇಕು: ಇದೇ ಅದರ ತತ್ತ್ವ. ಮಿತಿಮೀರಿ ಬಿಗಿದಾಗ, ಅಥವಾ ತುಕ್ಕು ತುಂಬಿ ರಂಧ್ರಗಳು ಕಿರಿದಾದಾಗ, ಕಾದ ಲೋಹಕ್ಕೆ ಸರಿಯಲು ಎಡೆಯಿಲ್ಲ. ಅದು ತನ್ನಲ್ಲಿಯೇ ಒತ್ತಿಕೊಂಡು ಸ್ವಲ್ಪ ಕುಗ್ಗುತ್ತದೆ. ಆರಿದಾಗ ಮೊದಲಿಗಿಂತ ಗಿಡ್ಡವಾಗಿ, ಸೊಟ್ಟಗಾಗಿ ನಿಲ್ಲುತ್ತದೆ. ಪ್ರತಿ ಪ್ರಯಾಣದಲ್ಲಿಯೂ ಹೀಗೆ ಎಳೆದಾಟ ನಡೆದು ಕಡೆಗೆ ತುದಿಯ ಸ್ಟಡ್ಡು ತುಂಡಾಗುತ್ತದೆ. ಅಂದಮೇಲೆ ಮಿತಿಮೀರಿದ ಬಿಗಿತವು ರೋಗಕ್ಕೆ ಮದ್ದಲ್ಲ. ಎಷ್ಟೋ ವೇಳೆ ಅದೇ ರೋಗದ ಮೂಲ.

ಬೆಟ್ಟದ ದಾರಿಯು ಈ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ಭಾರ ಹೊತ್ತು ಏರುವಾಗ ಡೀಸಲ್ ಎಂಜಿನ್ನಿನ ನಿಷ್ಕಾಸ ಅನಿಲಗಳ ಉಷ್ಣತೆ 500ರಿಂದ 700 ಡಿಗ್ರಿಗಳವರೆಗೂ ಹೋಗಬಹುದು. ಇಳಿಯುವಾಗ ಇಂಧನ ನಿಂತು, ಎಂಜಿನ್ನು ಬರಿಯ ಗಾಳಿಯನ್ನು ನೂಕುವುದರಿಂದ ಮ್ಯಾನಿಫೋಲ್ಡು ಬೇಗನೆ ಆರುತ್ತದೆ. ನಿಷ್ಕಾಸ ಬ್ರೇಕು ಇರುವ ಲಾರಿಗಳಲ್ಲಿ ಹೊಗೆಯ ದಾರಿಯನ್ನೇ ಮುಚ್ಚಿ ವೇಗವನ್ನು ತಡೆಯುವುದರಿಂದ ಒಳಗಿನ ಒತ್ತಡ ಬಹಳವಾಗಿ ಏರಿ, ದುರ್ಬಲವಾದ ಗ್ಯಾಸ್ಕೆಟ್ಟು ಹರಿಯುತ್ತದೆ. ಏರಿಕೆಯು ಲೋಹವನ್ನು ಪರೀಕ್ಷಿಸಿದರೆ ಇಳಿತವು ಕೂಡಿಕೆಯನ್ನು ಪರೀಕ್ಷಿಸುತ್ತದೆ. ಇದರ ಮೇಲೆ, ಗಾಡಿಯನ್ನು ಹೊಳೆ ಕಾಲುವೆಗಳ ದಡದಲ್ಲಿ ನಿಲ್ಲಿಸಿ ಕಾದ ಎಂಜಿನ್ನಿಗೆ ತಣ್ಣೀರೆರಚಿದರೆ ಎರಕದ ಕಬ್ಬಿಣವು ಬಿರುಕು ಬಿಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಸೋರಿಕೆಯನ್ನು ಪತ್ತೆಹಚ್ಚುವ ಕ್ರಮ. ಮುಂಜಾನೆ ತಣ್ಣನೆಯ ಎಂಜಿನ್ನನ್ನು ನಡೆಸಿದಾಗ ಟಕಟಕ ಎಂದು, ಕಾದ ಮೇಲೆ ಸದ್ದು ಅಡಗಿದರೆ ಮ್ಯಾನಿಫೋಲ್ಡಿನ ಸೋರಿಕೆಯನ್ನು ಶಂಕಿಸತಕ್ಕದ್ದು. ಹಿಗ್ಗಿದ ಲೋಹವು ಸಂದನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ಇದನ್ನು ಟ್ಯಾಪೆಟ್ಟಿನ ಸದ್ದೆಂದು ತಪ್ಪಾಗಿ ಭಾವಿಸುವುದುಂಟು. ಕೂಡಿಕೆಯ ಸುತ್ತ ಕಪ್ಪು ಮಸಿಯ ಗೆರೆಗಳಿದ್ದರೆ ಸಂಶಯ ಬಲವಾಗುತ್ತದೆ. ಆರಿದ ಎಂಜಿನ್ನಿನ ಹೊಗೆಕೊಳವೆಯ ಬಾಯಿಂದ ಮೆಲ್ಲಗೆ ಗಾಳಿಯನ್ನು ಊದಿಸಿ, ಕೂಡಿಕೆಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆಗಳು ಸ್ಥಳವನ್ನು ತೋರಿಸಿಕೊಡುತ್ತವೆ. ಟರ್ಬೊ ಇರುವ ಡೀಸಲ್ ಎಂಜಿನ್ನಿನಲ್ಲಿ ಟರ್ಬೊವಿಗೆ ತಲಪಬೇಕಾದ ಅನಿಲ ನಡುವೆಯೇ ಸೋರುವುದರಿಂದ ಶಕ್ತಿ ಕುಂದಿ ಕಪ್ಪು ಹೊಗೆ ಬರಬಹುದು. ಆಮ್ಲಜನಕದ ಸೆನ್ಸರುಳ್ಳ ಪೆಟ್ರೋಲ್ ಎಂಜಿನ್ನಿನಲ್ಲಿ ಸಂದಿನ ಮೂಲಕ ಹೊರಗಾಳಿಯೂ ಒಳಸೇರಿ, ಇಂಧನ ಸಾಲದೆಂಬ ತಪ್ಪು ವರದಿ ಹೋಗಿ, ಅನವಶ್ಯಕವಾಗಿ ಪೆಟ್ರೋಲು ವ್ಯಯವಾಗುತ್ತದೆ.

ದುರಸ್ತಿಯು ಪೂರ್ಣವಾಗಿ ಆರಿದ ಎಂಜಿನ್ನಿನಲ್ಲಿಯೇ ನಡೆಯಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಚ್ಚಿ, ಒಮ್ಮೆಗೇ ಬಲ ಹಾಕದೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ಬಿಚ್ಚಬೇಕು. ಸ್ಟಡ್ಡು ಮುರಿದು ತುಂಡು ಹೊರಗೆ ಉಳಿದಿದ್ದರೆ, ಅದರ ಮೇಲೆ ಒಂದು ನಟ್ಟನ್ನಿಟ್ಟು ಬೆಸೆದು ತಿರುಗಿಸಿದರೆ ಸಾಮಾನ್ಯವಾಗಿ ಹೊರಬರುತ್ತದೆ. ಬೆಸುಗೆಯ ಶಾಖವೇ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಗಾಡಿಯಲ್ಲಿ ಬೆಸುಗೆಗೆ ಮುಂಚೆ ಬ್ಯಾಟರಿಯ ಸಂಪರ್ಕವನ್ನು ಕಳಚುವುದನ್ನು ಮರೆಯಬಾರದು. ಬಹಳ ಹಳೆಯ ವಾಹನಗಳ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟಾದ್ದರಿಂದ ಅದನ್ನು ಒಣಗಿದಂತೆಯೇ ಕೆರೆದು ಧೂಳೆಬ್ಬಿಸದೆ, ನೀರಿನಿಂದ ನೆನೆಸಿ ತೆಗೆಯತಕ್ಕದ್ದು.

ಬಿಚ್ಚಿದ ಮ್ಯಾನಿಫೋಲ್ಡಿನ ಮುಖದ ಮೇಲೆ ನೇರಪಟ್ಟಿಯನ್ನಿಟ್ಟು ಫೀಲರ್ ಗೇಜಿನಿಂದ ಸಂದನ್ನು ಅಳೆಯಬೇಕು. ಸೊಟ್ಟುತನವು ತಯಾರಕರು ಹೇಳಿದ ಮಿತಿಯನ್ನು ಮೀರಿದ್ದರೆ ಮುಖವನ್ನು ಯಂತ್ರದಲ್ಲಿ ಸಮಮಾಡಿಸದೆ ಹೊಸ ಗ್ಯಾಸ್ಕೆಟ್ಟು ಹಾಕುವುದು ವ್ಯರ್ಥ. ಬಿರುಕುಬಿಟ್ಟ ಎರಕದ ಕಬ್ಬಿಣವನ್ನು ಬಿಸಿಮಾಡಿ ನಿಕ್ಕಲ್ ಕಡ್ಡಿಯಿಂದ ಬೆಸೆದು ನಿಧಾನವಾಗಿ ಆರಿಸುವುದು ಸಾಧ್ಯವಾದರೂ, ಮತ್ತೆ ಮತ್ತೆ ಕಾದು ಆರುವ ಈ ಭಾಗಕ್ಕೆ ಬದಲಿ ಮ್ಯಾನಿಫೋಲ್ಡೇ ಹೆಚ್ಚು ಭರವಸೆಯದು.

ಮರುಜೋಡಣೆಯಲ್ಲಿ ನಟ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಹಂತಗಳಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ತಯಾರಕರ ಅಳತೆಗೆ ಬಿಗಿಯಬೇಕು. ತುದಿಯಿಂದ ಮೊದಲುಮಾಡಿದರೆ ನಡುವೆ ಉಬ್ಬು ಉಳಿಯುತ್ತದೆ. ಮರೆಗಳಿಗೆ ಎಣ್ಣೆಯನ್ನಾಗಲಿ ಲೇಪವನ್ನಾಗಲಿ ಹಚ್ಚಿದರೆ ಘರ್ಷಣೆ ಕಡಿಮೆಯಾಗಿ, ಅದೇ ಅಳತೆಯಲ್ಲಿ ಸ್ಟಡ್ಡಿನ ಎಳೆತ ಹೆಚ್ಚಾಗುವುದೆಂಬುದನ್ನು ಗಮನದಲ್ಲಿಡಬೇಕು. ಒಂದೆರಡು ಸಲ ಕಾದು ಆರಿದ ಮೇಲೆ ಬಿಗಿತವನ್ನು ಪುನಃ ಪರೀಕ್ಷಿಸುವುದು, ತಯಾರಕರು ಬೇಡವೆನ್ನದಿದ್ದರೆ, ಒಳ್ಳೆಯ ರೂಢಿ.

ದುರಸ್ತಿ ಎಷ್ಟೇ ಸಮರ್ಪಕವಾಗಿರಲಿ, ಎಂಜಿನ್ನು ನಡೆಯುತ್ತಿರುವಾಗ ನಿಂತ ಗಾಡಿಯೊಳಗೆ ಮಲಗುವುದು ಸಲ್ಲದು. ಮಲಗಲು ಬಳಸುವ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಎಚ್ಚರಿಕೆಗಂಟೆಯೊಂದು ಇರುವುದು ಅವಶ್ಯ.

ಕಾಯಿಸಿದ ಲೋಹದ ಸರಳು ಎಷ್ಟು ಹಿಗ್ಗಿತೆಂದು ಅಳೆಯುವ ಪ್ರಯೋಗವನ್ನು ನಮ್ಮ ಕಾಲೇಜುಗಳ ಭೌತಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಮಾಡಿಯೇ ಇರುತ್ತಾರೆ. ಅಧ್ಯಾಪಕರು ಆ ಪಾಠವನ್ನು ಮುಗಿಸುವ ದಿನ, ತುದಿಯ ಸ್ಟಡ್ಡು ಮುರಿದ ಒಂದು ಹಳೆಯ ಮ್ಯಾನಿಫೋಲ್ಡನ್ನು ಗುಜರಿಯಿಂದ ತಂದು ಮೇಜಿನ ಮೇಲಿಟ್ಟರೆ, ದಶಾಂಶ ಬಿಂದುವಿನ ಮುಂದೆ ನಾಲ್ಕು ಸೊನ್ನೆಗಳುಳ್ಳ ಅಷ್ಟು ಸಣ್ಣ ಸಂಖ್ಯೆಯು ಉಕ್ಕಿನ ಸ್ಟಡ್ಡನ್ನು ಹೇಗೆ ಮುರಿಯಿತೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿದೀತು.