ಅಜ್ಜಿಯ ಮಾತು ಬರೆದಿಡೋಣ



ನಮ್ಮ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿದೆ. ಅದು ಸುಮಾರು 750ನೇ ಇಸವಿಯದು. ಕಾಳಗದಲ್ಲಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಅಂದು ಯಾರೋ ಬರೆಸಿದರು. ಅದಕ್ಕೇ ಇಂದು ನಮಗೆ ಗೊತ್ತಾಯಿತು.

ನಮ್ಮ ಅಜ್ಜಿಯರ ಹೆಸರು ಯಾವ ಕಲ್ಲಿನಲ್ಲಿದೆ? ಕೆರೆ ಕೆಳಗಿನ ಗದ್ದೆಯಲ್ಲಿ ನಾಟಿ ಹಾಕಿದವರು ಅವರು. ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದವರು. ಇಂದು ಅಲ್ಲಿ ಮನೆಗಳು ಎದ್ದಿವೆ. ಆ ಬದುಕು ಅವರ ನೆನಪಿನಲ್ಲಿ ಮಾತ್ರ ಇದೆ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹೇಳಿದರು: "ನಮ್ಮತ್ತೆಗೆ ರಾಗಿ ಬೀಸೋ ಪದ ಬೇಕಾದಷ್ಟು ಬರ್ತಿತ್ತು. ಆಗ ನಂಗೆ ಅಕ್ಷರ ಬರ್ತಿರಲಿಲ್ಲ. ಈಗ ಬರುತ್ತೆ, ಅತ್ತೆ ಇಲ್ಲ."

ಅಂಕೋಲೆಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋದವರಲ್ಲ. ಆದರೆ ಹಾಡುಗಳ ಕಣಜವೇ ಅವರಲ್ಲಿತ್ತು. 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು. ಅವರ ಹಾಡು ಕೇಳಿ ದಾಖಲು ಮಾಡಿದವರಿದ್ದರು. ಹಾಗಾಗಿ ಹಾಡು ಉಳಿಯಿತು.

ನಾವೂ ಬರೆದಿಡಬಹುದು. ಹೇಗೆ?

1. ಮೊದಲು ಒಪ್ಪಿಗೆ ಕೇಳಿ. "ಅಜ್ಜಿ, ನೀವು ಹೇಳಿದ್ದನ್ನ ಬರ್ಕೊಳ್ಳಲಾ? ಬೇರೆಯವರಿಗೆ ತೋರಿಸಬಹುದಾ?" ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೂ ಹೇಳಿಯೇ ಮಾಡಿ.

2. ಬಿಡುವಿನ ಹೊತ್ತು ನೋಡಿ. ಟಿ.ವಿ. ಆರಿಸಿ. ಅವರೆಕಾಯಿ ಸುಲಿಯುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ.

3. ಬರೀ "ಹೂಂ" ಎಂದು ಮುಗಿಯುವ ಪ್ರಶ್ನೆ ಬೇಡ. "ನೀರು ಎಲ್ಲಿಂದ ತರ್ತಿದ್ರಿ?" "ಮೊದಲ ಕೂಲಿ ಎಷ್ಟು? ಆ ದುಡ್ಡಲ್ಲಿ ಏನು ತಗೊಂಡ್ರಿ?" ಹೀಗೆ ಕೇಳಿ. ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ.

4. ಯಾವ ಇಸವಿ ಅಂದರೆ "ನಂಗೇನ್ ಗೊತ್ತವ್ವ" ಅಂತಾರೆ. ಎಲ್ಲರಿಗೂ ಗೊತ್ತಿರುವ ಸಂಗತಿ ಹಿಡಿದು ಕೇಳಿ. ಇಂದಿರಾ ಗಾಂಧಿ ತೀರಿಕೊಂಡದ್ದು 1984ರಲ್ಲಿ. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಅದಕ್ಕೆ ಮುಂಚೆಯೋ, ಆಮೇಲೋ? ಲೆಕ್ಕ ಸಿಗುತ್ತದೆ.

5. ಅವರ ಮಾತು ತಿದ್ದಬೇಡಿ. "ಮುದ್ದೆ ಉಣ್ತಿದ್ವಿ" ಅಂದರೆ ಹಾಗೇ ಬರೆಯಿರಿ.

6. ಅಳು ಬಂದರೆ ನಿಲ್ಲಿಸಿ. ನೀರು ಕೊಡಿ. "ಇದು ಬೇಡ" ಎಂದದ್ದನ್ನು ಬರೆಯಬೇಡಿ.

ಕೊನೆಗೆ ಅವರ ಹೆಸರು, ಊರು, ಅಂದಿನ ತಾರೀಕು ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ತಪ್ಪಿದ್ದರೆ ಅವರೇ ಹೇಳುತ್ತಾರೆ.

ಈ ವಾರ ಒಬ್ಬ ಹಿರಿಯರನ್ನು ಮಾತಾಡಿಸಿ. ಒಂದೇ ಪುಟ ಸಾಕು. ಬರೆದು ತನ್ನಿ, ಎಲ್ಲರೂ ಕೂತು ಓದೋಣ.